ಟವರ್ ಏರುವ ವಯಸ್ಸು

ಏಟಿಸಿ, ಅಂದರೆ ವಿಮಾನ ಸಂಚಾರ ನಿಯಂತ್ರಣದ ಕೆಲಸದ ಬಗ್ಗೆ ವಿಚಾರಿಸುವವರೆಲ್ಲ ಈಗ ತಾನೇ ಡಿಗ್ರಿ ಮುಗಿಸಿದ ಹುಡುಗರೇನೂ ಅಲ್ಲ. ಎಂಟು ಹತ್ತು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದು ಬೇಸತ್ತವರು, ಗೆಸ್ಟ್ ಲೆಕ್ಚರರ್ ಆಗಿ ಸವೆದವರು, ಕೆಪಿಎಸ್‌ಸಿ, ಬ್ಯಾಂಕ್ ಎಂದು ಪರೀಕ್ಷೆ ಬರೆಯುತ್ತಲೇ ಮೂವತ್ತು ಮುಟ್ಟಿದವರೂ ಕೇಳುತ್ತಾರೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. 'ಸಾರ್, ನಂಗೆ ಮೂವತ್ತೊಂದು. ಬಿ.ಇ. ಆಗಿದೆ. ಈಗ ಏಟಿಸಿ ಆಗಬಹುದಾ?'

ಸುತ್ತಿ ಬಳಸುವುದು ಬೇಡ. ಭಾರತದಲ್ಲಿ, ವಯಸ್ಸಿನ ಸಡಿಲಿಕೆ ಇಲ್ಲದವರಾದರೆ, ಆಗುವುದಿಲ್ಲ. ದೇಶದ ನಾಗರಿಕ ವಿಮಾನ ಸಂಚಾರವನ್ನು ನಿಯಂತ್ರಿಸುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಎಎಐ ಎಂದರೆ ಎಲ್ಲರಿಗೂ ಗೊತ್ತು. ಕೆಂಪೇಗೌಡ ವಿಮಾನ ನಿಲ್ದಾಣವನ್ನು ಖಾಸಗಿ ಕಂಪನಿ ನಡೆಸಿದರೂ ಅಲ್ಲಿನ ಟವರಿನಲ್ಲಿ ಕೂತು ಮಾತಾಡುವವರು ಎಎಐ ನೌಕರರೇ. ಇವರು ಒಳಗೆ ಬರುವ ಬಾಗಿಲು ಜೂನಿಯರ್ ಎಕ್ಸಿಕ್ಯೂಟಿವ್ ಎಂಬ ಹುದ್ದೆ. ಅದಕ್ಕೆ ಗರಿಷ್ಠ ವಯಸ್ಸು 27. ಲೆಕ್ಕ ಹಾಕುವುದು ಅರ್ಜಿ ಸಲ್ಲಿಸುವ ಕೊನೆಯ ದಿನಕ್ಕೆ. 2025ರಲ್ಲಿ 309 ಹುದ್ದೆಗಳಿಗೆ ಅರ್ಜಿ ಕರೆದಾಗ ಆ ದಿನ ಮೇ 24 ಆಗಿತ್ತು. 1998ರ ಮೇ ಮೊದಲ ವಾರ ಹುಟ್ಟಿದವನು ಹೊರಗುಳಿದ, ಅದೇ ವರ್ಷದ ಜೂನ್‌ನಲ್ಲಿ ಹುಟ್ಟಿದವನು ಒಳಗೆ ಬಂದ. ಅನುಭವ ಎಷ್ಟಿದೆ, ಅಂಕ ಎಷ್ಟಿದೆ ಎಂಬುದೆಲ್ಲ ಆಮೇಲಿನ ಮಾತು.

ಸಡಿಲಿಕೆ ಇರುವುದು ಯಾರಿಗೆ? ಪರಿಶಿಷ್ಟ ಜಾತಿ, ಪಂಗಡದವರಿಗೆ ಐದು ವರ್ಷ. ಇತರೆ ಹಿಂದುಳಿದ ವರ್ಗದವರಲ್ಲಿ ಕೆನೆಪದರಕ್ಕೆ ಸೇರದವರಿಗೆ ಮೂರು ವರ್ಷ. ಮಾಜಿ ಸೈನಿಕರಿಗೆ ಕೇಂದ್ರ ಸರ್ಕಾರದ ನಿಯಮದ ಪ್ರಕಾರ. ಆರ್ಥಿಕವಾಗಿ ಹಿಂದುಳಿದವರು ಎಂದು ಸರ್ಟಿಫಿಕೇಟ್ ಮಾಡಿಸಿಕೊಂಡವರಿಗೆ ಮೀಸಲಾತಿ ಉಂಟು, ವಯಸ್ಸಿನಲ್ಲಿ ರಿಯಾಯಿತಿ ಇಲ್ಲ. ಇಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಕರ್ನಾಟಕದಲ್ಲಿ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ವಿಂಗಡಣೆ. ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲಿ ಇದ್ದೇ ಇರುತ್ತೀರಿ ಎಂದಲ್ಲ. ಇದ್ದರೂ ನಾಡಕಚೇರಿಯಲ್ಲಿ ರಾಜ್ಯದ ನಮೂನೆಯ ಜಾತಿ ಆದಾಯ ಪತ್ರ ಮಾಡಿಸಿಕೊಂಡು ಹೋದರೆ ದಾಖಲೆ ಪರಿಶೀಲನೆಯ ಮೇಜಿನ ಎದುರು ಅದು ನಡೆಯುವುದಿಲ್ಲ. ಕೇಂದ್ರ ಸರ್ಕಾರದ ಹುದ್ದೆಗೆಂದೇ ಇರುವ ನಮೂನೆಯಲ್ಲಿ ತಹಶೀಲ್ದಾರರ ಸಹಿ ಬೇಕು. ಮೂವತ್ತರ ಅಂಚಿನಲ್ಲಿರುವವರಿಗೆ ಆ ಮೂರು ವರ್ಷವೇ ಇಡೀ ಅವಕಾಶವಾದ್ದರಿಂದ, ಫಿಸಿಕ್ಸ್ ಪುಸ್ತಕ ತೆರೆಯುವುದಕ್ಕೂ ಮೊದಲು ಈ ಕಾಗದ ಸರಿಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ವಿದ್ಯಾರ್ಹತೆ. ಭೌತಶಾಸ್ತ್ರ ಮತ್ತು ಗಣಿತ ಎರಡನ್ನೂ ಓದಿದ ಬಿ.ಎಸ್ಸಿ., ಇಲ್ಲವೇ ಯಾವುದೇ ವಿಭಾಗದ ಎಂಜಿನಿಯರಿಂಗ್. ಎಂಜಿನಿಯರಿಂಗ್ ಆದರೆ ಯಾವುದಾದರೂ ಒಂದು ಸೆಮಿಸ್ಟರ್‌ನಲ್ಲಿ ಭೌತಶಾಸ್ತ್ರ, ಗಣಿತ ಇದ್ದಿರಬೇಕು. ವಿಟಿಯುನಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್ ದಾಟಿ ಬಂದವರಿಗೆ ಇದು ತೊಡಕಲ್ಲ. ಬಿ.ಕಾಂ., ಬಿ.ಎ. ಮಾಡಿದವರಿಗೆ ದಾರಿ ಇಲ್ಲ. ಎರಡು ಗಂಟೆಯ ಆನ್‌ಲೈನ್ ಪರೀಕ್ಷೆ, 120 ಪ್ರಶ್ನೆ, ಅರ್ಧ ಗಣಿತ ಮತ್ತು ಭೌತಶಾಸ್ತ್ರ, ಇನ್ನರ್ಧ ಇಂಗ್ಲಿಷ್, ರೀಸನಿಂಗ್, ಸಾಮಾನ್ಯ ಜ್ಞಾನ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದಾದ ಮೇಲೆ ಧ್ವನಿ ಪರೀಕ್ಷೆ, ಮಾದಕ ದ್ರವ್ಯ ಪರೀಕ್ಷೆ, ಮಾನಸಿಕ ಸಾಮರ್ಥ್ಯದ ಪರೀಕ್ಷೆ, ವೈದ್ಯಕೀಯ ತಪಾಸಣೆ. ಆಯ್ಕೆಯಾದರೆ ಮೂಲ ವೇತನ 40 ಸಾವಿರದಿಂದ ಶುರು. ಭತ್ಯೆ ಗಿತ್ಯೆ ಎಲ್ಲ ಸೇರಿ ವರ್ಷಕ್ಕೆ ಸುಮಾರು 13 ಲಕ್ಷ ಎಂದು ಜಾಹೀರಾತೇ ಹೇಳುತ್ತದೆ. ತರಬೇತಿ ಮುಗಿದ ಮೇಲೆ ಮೂರು ವರ್ಷ ಇರುತ್ತೇನೆಂದು 7 ಲಕ್ಷದ ಬಾಂಡ್ ಬರೆದುಕೊಡಬೇಕು. ಕೋಚಿಂಗ್ ಸೆಂಟರ್‌ಗಳು ಇವನ್ನೆಲ್ಲ ಬಣ್ಣದ ಪೋಸ್ಟರಿನಲ್ಲಿ ಹಾಕುತ್ತವೆ. ವಯಸ್ಸಿನ ಸಾಲು ಮಾತ್ರ ಸಣ್ಣ ಅಕ್ಷರದಲ್ಲಿರುತ್ತದೆ. ಫೀಸು ಕಟ್ಟಿಸಿಕೊಂಡ ಮೇಲೆ 'ಸಡಿಲಿಕೆ ಬರಬಹುದು ಸಾರ್, ಓದ್ತಾ ಇರಿ' ಎನ್ನುವವರೂ ಇದ್ದಾರೆ.

ಈ ಕೆಲಸಕ್ಕೆ ವಯಸ್ಸಿನ ಗೆರೆ ಯಾಕೆ ಎಂದು ಕೇಳುವ ಮುನ್ನ ಆ ಕುರ್ಚಿಯಲ್ಲಿ ಏನು ನಡೆಯುತ್ತದೆ ಎಂದು ತಿಳಿಯಬೇಕು. ಸಿನಿಮಾದಲ್ಲಿ ತೋರಿಸುವ ಹಾಗೆ ಬೈನಾಕ್ಯುಲರ್ ಹಿಡಿದು ಕಿಟಕಿಯಲ್ಲಿ ನೋಡುವುದು ಕೆಲಸದ ಒಂದು ತುಣುಕು ಅಷ್ಟೇ. ರನ್‌ವೇ, ಟ್ಯಾಕ್ಸಿವೇ ಕಾಣುವ ಗಾಜಿನ ಕೋಣೆಯಲ್ಲಿ ಟವರ್ ಮತ್ತು ಗ್ರೌಂಡ್‌ನವರು ಇರುತ್ತಾರೆ. ಕಿಟಕಿಯೇ ಇಲ್ಲದ, ಮಂದ ಬೆಳಕಿನ ಕೋಣೆಯಲ್ಲಿ ಅಪ್ರೋಚ್ ಮತ್ತು ಏರಿಯಾ ಕಂಟ್ರೋಲ್‌ನವರು ಪರದೆ ನೋಡುತ್ತ ಕೂರುತ್ತಾರೆ. ಸಂಜೆಯ ಹೊತ್ತು ದೊಡ್ಡ ನಿಲ್ದಾಣವೊಂದರ ಅಪ್ರೋಚ್ ಕುರ್ಚಿಯನ್ನು ಊಹಿಸಿಕೊಳ್ಳಿ. ನಾಲ್ಕು ದಿಕ್ಕಿನಿಂದ ಇಳಿಯಲು ಬರುವ ವಿಮಾನಗಳು. ಒಂದೊಂದು ಚುಕ್ಕಿಯ ಪಕ್ಕ ಅದರ ಕಾಲ್‌ಸೈನ್, ಎತ್ತರ, ವೇಗ. ಎಲ್ಲವನ್ನೂ ತಿರುಗಿಸಿ, ನಿಧಾನಿಸಿ, ಇಳಿಸಿ ಒಂದೇ ಸಾಲಿಗೆ ತರಬೇಕು. ಎರಡರ ನಡುವೆ ಮೂರರಿಂದ ಐದು ನಾಟಿಕಲ್ ಮೈಲಿ ಅಡ್ಡ ಅಂತರ ಇರಬೇಕು, ಇಲ್ಲವಾದರೆ ಎತ್ತರದಲ್ಲಿ ಸಾವಿರ ಅಡಿ. ಭಾರಿ ವಿಮಾನದ ಹಿಂದೆ ಹಗುರ ವಿಮಾನ ಬಂದರೆ ಮುಂದಿನದು ಎಬ್ಬಿಸುವ ಗಾಳಿಸುಳಿಗಾಗಿ ಅಂತರ ಇನ್ನೂ ಹಿಗ್ಗಬೇಕು. ನಡುವೆ ನಂದಿ ಬೆಟ್ಟದ ಕಡೆಯಿಂದ ಮೋಡ ಕಟ್ಟಿತು ಅಂದುಕೊಳ್ಳಿ. ಎಲ್ಲ ಪೈಲಟ್‌ಗಳೂ ಒಟ್ಟಿಗೆ 'ಎಡಕ್ಕೆ ಹತ್ತು ಡಿಗ್ರಿ ಬೇಕು' 'ಬಲಕ್ಕೆ ಇಪ್ಪತ್ತು ಬೇಕು' ಎನ್ನಲು ಶುರು ಮಾಡುತ್ತಾರೆ. ಕಟ್ಟಿದ ಸಾಲು ಒಡೆಯುತ್ತದೆ. ಮತ್ತೆ ಕಟ್ಟಬೇಕು.

ಇಷ್ಟರ ಮಧ್ಯೆ ಕಿವಿ ಬೇರೆ ದುಡಿಯುತ್ತಿರುತ್ತದೆ. ನೀವು ಫ್ಲೈಟ್ ಲೆವೆಲ್ ವನ್ ತ್ರೀ ಝೀರೋಗೆ, ಅಂದರೆ 13,000 ಅಡಿಗೆ ಇಳಿಯಿರಿ ಎನ್ನುತ್ತೀರಿ. ಆ ಕಡೆಯಿಂದ ಪೈಲಟ್ ಅದನ್ನೇ ತಿರುಗಿ ಹೇಳಬೇಕು. ಇದಕ್ಕೆ ರೀಡ್‌ಬ್ಯಾಕ್ ಎನ್ನುತ್ತಾರೆ. ಅವನು ಗಡಿಬಿಡಿಯಲ್ಲಿ ವನ್ ಟೂ ಝೀರೋ ಎಂದುಬಿಟ್ಟರೆ ಆ ಕ್ಷಣವೇ 'ನೆಗೆಟಿವ್' ಎಂದು ತಡೆದು ಸರಿಪಡಿಸಬೇಕು. ನಿಮ್ಮ ಗಮನ ಅಷ್ಟರಲ್ಲಿ ಇನ್ನೊಂದು ಚುಕ್ಕಿಯ ಮೇಲಿರುತ್ತದೆ. ಕಿವಿಗೆ ಬಿದ್ದದ್ದು ತಪ್ಪು ಎಂದು ಮನಸ್ಸಿಗೆ ತಟ್ಟುವುದಕ್ಕೆ ಒಂದೆರಡು ಸೆಕೆಂಡಷ್ಟೇ ಸಮಯ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ಮತ್ತು ಕಝಕ್ ವಿಮಾನಗಳು ಡಿಕ್ಕಿ ಹೊಡೆದು 349 ಜನ ಸತ್ತರು. ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ ಕೊಟ್ಟಿದ್ದು 14,000 ಅಡಿ, ಇಳಿಯುತ್ತಿದ್ದ ಕಝಕ್ ವಿಮಾನಕ್ಕೆ 15,000. ಕಂಟ್ರೋಲರ್ ಹೇಳಿದ್ದು ಸರಿಯಾಗಿಯೇ ಇತ್ತು. ಕಝಕ್ ವಿಮಾನ 15,000ಕ್ಕಿಂತ ಕೆಳಗಿಳಿಯಿತು. ಅದರ ಎತ್ತರ ತೋರಿಸುವ ರೇಡಾರ್ ಆಗ ದೆಹಲಿಯಲ್ಲಿ ಇರಲಿಲ್ಲ. ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ಇಂಗ್ಲಿಷ್ ಭಾಷಾ ಮಟ್ಟ ಇಷ್ಟಿರಲೇಬೇಕು ಎಂಬ ಅಂತಾರಾಷ್ಟ್ರೀಯ ನಿಯಮದ ಹಿಂದೆ ಇಂಥ ದುರಂತಗಳ ಪಾಠವಿದೆ.

ಹಾಗಾಗಿ ವೇಗವಾಗಿ ನೋಡುವ, ಕೇಳುವ, ನೆನಪಿಟ್ಟುಕೊಳ್ಳುವ ಶಕ್ತಿ ಬೇಕು, ಅದು ವಯಸ್ಸಿನೊಂದಿಗೆ ಇಳಿಯುತ್ತದೆ, ಆದ್ದರಿಂದ ಚಿಕ್ಕವರನ್ನೇ ತೆಗೆದುಕೊಳ್ಳಬೇಕು ಎಂಬುದು ಎಲ್ಲರೂ ಹೇಳುವ ಕಾರಣ. ಕೇಳಲು ಸರಿ ಎನಿಸುತ್ತದೆ. ಆದರೆ ಬೇರೆ ಬೇರೆ ದೇಶಗಳು ಎಳೆದಿರುವ ಗೆರೆ ನೋಡಿದರೆ ಅನುಮಾನ ಹುಟ್ಟುತ್ತದೆ. ಜರ್ಮನಿಯಲ್ಲಿ ತರಬೇತಿಗೆ ಸೇರುವ ಗಡಿ 24. ಅಮೆರಿಕದಲ್ಲಿ 31 ತುಂಬುವುದರೊಳಗೆ ಅರ್ಜಿ ಹಾಕಬೇಕು. ಬ್ರಿಟನ್‌ನಲ್ಲಿ, ಕೆನಡಾದಲ್ಲಿ, ಆಸ್ಟ್ರೇಲಿಯಾದಲ್ಲಿ 18 ತುಂಬಿರಬೇಕು ಎಂಬುದಷ್ಟೇ, ಮೇಲೆ ಗಡಿಯೇ ಇಲ್ಲ. ಮನುಷ್ಯನ ಮೆದುಳು ಫ್ರಾಂಕ್‌ಫರ್ಟ್‌ನಲ್ಲಿ 24ಕ್ಕೆ, ಪ್ರಯಾಗ್‌ರಾಜ್‌ನಲ್ಲಿ 27ಕ್ಕೆ, ಒಕ್ಲಹೋಮಾದಲ್ಲಿ 31ಕ್ಕೆ ಮಂಕಾಗಿ, ಲಂಡನ್‌ನಲ್ಲಿ ಮಾತ್ರ ಚುರುಕಾಗಿ ಉಳಿಯುತ್ತದೆಯೇ?

ಅಮೆರಿಕದ ಗೆರೆ ಎಲ್ಲಿಂದ ಬಂತು ನೋಡಿದರೆ ವಿಷಯ ತಿಳಿಯಾಗುತ್ತದೆ. 1972ರಲ್ಲಿ ಅಲ್ಲಿನ ಸಂಸತ್ತು ಕಂಟ್ರೋಲರ್‌ಗಳಿಗೆಂದೇ ಒಂದು ಕಾನೂನು ತಂದಿತು. 56ಕ್ಕೆ ಕಡ್ಡಾಯ ನಿವೃತ್ತಿ. ಒತ್ತಡದ ಕೆಲಸವಾದ್ದರಿಂದ ಬೇಗ ಪಿಂಚಣಿ: 20 ವರ್ಷ ಸೇವೆ ಮುಗಿಸಿದ್ದರೆ 50ಕ್ಕೆ, 25 ವರ್ಷ ಮುಗಿಸಿದ್ದರೆ ಯಾವ ವಯಸ್ಸಿಗಾದರೂ. 56ರಲ್ಲಿ 25 ಕಳೆಯಿರಿ, 31 ಬಂತು. ಅಲ್ಲಿನ ಗಡಿಗೂ ಪಿಂಚಣಿಯ ಲೆಕ್ಕಕ್ಕೂ ಹೊಂದಿಕೆ ಇದೆ ಎನ್ನುವುದಂತೂ ಕಾಣುತ್ತದೆ. ನಮ್ಮಲ್ಲಿ ಬೇಗ ಬಿಡುಗಡೆಯಿಲ್ಲ, ಎಎಐ ನೌಕರ 60ರವರೆಗೆ ದುಡಿಯುತ್ತಾನೆ. 27ಕ್ಕೆ ಬಾಗಿಲು ಹಾಕಿ 60ರವರೆಗೆ ಕೂರಿಸುವ ನಮ್ಮ ಏರ್ಪಾಡು ಅಮೆರಿಕದ ತರ್ಕಕ್ಕೂ ಸಲ್ಲುವುದಿಲ್ಲ, ಬ್ರಿಟನ್ನಿನ ತರ್ಕಕ್ಕೂ ಸಲ್ಲುವುದಿಲ್ಲ. ಸಾರ್ವಜನಿಕ ವಲಯದ ಮೊದಲ ಮೆಟ್ಟಿಲಿನ ಅಧಿಕಾರಿ ಹುದ್ದೆಗಳಿಗೆ ಎಲ್ಲೆಡೆ ಇಡುವ ಅಂಕಿಯನ್ನೇ ಇಲ್ಲೂ ಇಟ್ಟಂತಿದೆ.

ಒಂದೇ ವಯಸ್ಸಿನವರನ್ನು ಒಟ್ಟಿಗೆ ತುಂಬಿಕೊಳ್ಳುವುದಕ್ಕೆ ಇನ್ನೊಂದು ಬೆಲೆಯುಂಟು. 1981ರ ಆಗಸ್ಟ್‌ನಲ್ಲಿ ಅಮೆರಿಕದ ಕಂಟ್ರೋಲರ್‌ಗಳ ಸಂಘ ಪ್ಯಾಟ್ಕೊ ಮುಷ್ಕರ ಹೂಡಿತು. ಎರಡು ದಿನ ಗಡುವು ಕೊಟ್ಟ ಅಧ್ಯಕ್ಷ ರೇಗನ್, ಕೆಲಸಕ್ಕೆ ಮರಳದ 11,345 ಮಂದಿಯನ್ನು ಒಂದೇ ಏಟಿಗೆ ವಜಾ ಮಾಡಿದರು. ಆ ಜಾಗಕ್ಕೆ ಮುಂದಿನ ಕೆಲವು ವರ್ಷಗಳಲ್ಲಿ ಯುವಕರ ದಂಡನ್ನೇ ನೇಮಿಸಬೇಕಾಯಿತು. ಇಪ್ಪತ್ತೈದು ವರ್ಷ ಕಳೆದ ಮೇಲೆ ಆ ದಂಡು ಒಟ್ಟಿಗೇ ನಿವೃತ್ತಿಯ ಹೊಸ್ತಿಲಿಗೆ ಬಂದಾಗ ಟವರುಗಳು ಮತ್ತೆ ಖಾಲಿಯಾಗತೊಡಗಿದವು. ವಜಾ ಆದವರು ಮತ್ತೆ ಅರ್ಜಿ ಹಾಕಬಹುದು ಎಂದು 1993ರಲ್ಲಿ ಕ್ಲಿಂಟನ್ ನಿಷೇಧ ತೆಗೆದರು. ಹನ್ನೆರಡು ವರ್ಷ ಬೇರೆ ಕಸುಬು ಮಾಡಿದವರಲ್ಲಿ ಕೆಲವರು ನಡುವಯಸ್ಸಿನಲ್ಲಿ ಹೆಡ್‌ಸೆಟ್ ಮತ್ತೆ ಹಾಕಿಕೊಂಡರು.

ಅಲ್ಲಿನ ಕೊರತೆ ಇವತ್ತಿಗೂ ತೀರಿಲ್ಲ. 2025ರ ಜನವರಿ 29ರಂದು ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣದ ಬಳಿ ಪ್ರಯಾಣಿಕ ವಿಮಾನವೂ ಸೇನಾ ಹೆಲಿಕಾಪ್ಟರೂ ಡಿಕ್ಕಿಯಾಗಿ 67 ಜನ ಸತ್ತ ಮೇಲೆ ಕಂಟ್ರೋಲರ್‌ಗಳ ಸಂಖ್ಯೆಯ ಚರ್ಚೆ ಮತ್ತೆ ಎದ್ದಿತು. ನಿವೃತ್ತಿಗೆ ಅರ್ಹರಾಗಿಯೂ 56 ತುಂಬದವರು ಇನ್ನಷ್ಟು ಕಾಲ ಉಳಿದರೆ ವರ್ಷಕ್ಕೆ ಮೂಲ ವೇತನದ ಶೇ. 20 ಹೆಚ್ಚು ಕೊಡುತ್ತೇವೆ ಎಂದು ಸರ್ಕಾರ ಅದೇ ವರ್ಷ ಆಸೆ ತೋರಿಸಿತು. ಮೂವತ್ತೆರಡಾದವನಿಗೆ ಬಾಗಿಲು ಹಾಕಿ, ಐವತ್ತೆರಡಾದವನನ್ನು ಕೈಹಿಡಿದು ನಿಲ್ಲಿಸಿಕೊಳ್ಳುವ ಈ ವಿಚಿತ್ರ ಅಲ್ಲಿನವರಿಗೂ ಕಂಡಿರಲಿಕ್ಕೆ ಸಾಕು. ಮೊದಲೇ ಈ ಕೆಲಸ ಮಾಡಿದ ಅನುಭವ ಇದ್ದವರಿಗೆ 35ರವರೆಗೂ ಅವಕಾಶ ಕೊಟ್ಟಿದ್ದಾರೆ.

ವಿಜ್ಞಾನ ಏನು ಹೇಳುತ್ತದೆ ಎಂಬುದು ಇದಕ್ಕಿಂತ ಸ್ವಾರಸ್ಯದ್ದು, ಮತ್ತು ತಡವಾಗಿ ಬರುವವರಿಗೆ ಪೂರ್ತಿ ಸಿಹಿಯಾದದ್ದೂ ಅಲ್ಲ. 1960ರ ದಶಕದ ಆರಂಭದಲ್ಲೇ ಒಕ್ಲಹೋಮಾ ಸಿಟಿಯಲ್ಲಿ ಅಮೆರಿಕದ ವಾಯುಯಾನ ಇಲಾಖೆಯ ಸಂಶೋಧಕರು ತರಬೇತಿಗೆ ಬಂದವರ ವಯಸ್ಸನ್ನೂ ಫಲಿತಾಂಶವನ್ನೂ ಎದುರುಬದುರು ಇಟ್ಟು ನೋಡಿದ್ದರು. ಮೂವತ್ತು ದಾಟಿ ಬಂದವರಲ್ಲಿ ಫೇಲಾಗುವವರು ಹೆಚ್ಚು ಎಂದು ಅವರಿಗೆ ಕಂಡಿತು. ವಯಸ್ಸಿನ ಗಡಿಯನ್ನು ಸಮರ್ಥಿಸುವವರು ಆಧರಿಸುವುದು ಇಂಥ ಅಧ್ಯಯನಗಳನ್ನೇ. ಇನ್ನೊಂದು ಕಡೆ ಆಶ್ಲಿ ನ್ಯೂನ್ಸ್ ಮತ್ತು ಆರ್ಥರ್ ಕ್ರೇಮರ್ ಎಂಬ ಮನಶ್ಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅವರು ಕೆನಡಾದ ಕಂಟ್ರೋಲರ್‌ಗಳನ್ನು ಆರಿಸಿಕೊಂಡರು, ಯಾಕೆಂದರೆ ಅಲ್ಲಿ 65ರವರೆಗೂ ಕೆಲಸ ಮಾಡಬಹುದು, ಅಮೆರಿಕದಲ್ಲಿ ಅಷ್ಟು ವಯಸ್ಸಿನವರು ಕುರ್ಚಿಯಲ್ಲಿ ಸಿಗುವುದಿಲ್ಲ. ಇಪ್ಪತ್ತರ ಹರೆಯದ ಕಂಟ್ರೋಲರ್‌ಗಳು, 53ರಿಂದ 64ರ ನಡುವಿನ ಕಂಟ್ರೋಲರ್‌ಗಳು, ಇವೆರಡೂ ವಯಸ್ಸಿನ, ಈ ಕೆಲಸ ಗೊತ್ತೇ ಇಲ್ಲದ ಸಾಮಾನ್ಯರು, ಎಲ್ಲರಿಗೂ ಪರೀಕ್ಷೆ ಕೊಟ್ಟರು. ಗುಂಡಿ ಒತ್ತುವ, ಅಂಕಿ ನೆನಪಿಡುವ ಸರಳ ಪರೀಕ್ಷೆಗಳಲ್ಲಿ ಹಿರಿಯ ಕಂಟ್ರೋಲರ್‌ಗಳೂ ಬಹುಮಟ್ಟಿಗೆ ತಮ್ಮ ವಯಸ್ಸಿನ ಬೇರೆಯವರ ಹಾಗೆಯೇ ಹಿಂದೆ ಬಿದ್ದರು. ಆದರೆ ನಿಜವಾದ ಕೆಲಸವನ್ನು ಹೋಲುವ ವಿಮಾನ ನಿಯಂತ್ರಣದ ಅಣಕು ಪರೀಕ್ಷೆ ಬಂದಾಗ ಹಿರಿಯರು ಕಿರಿಯರಿಗೆ ಸರಿಸಮ ನಿಂತರು.

ಇದನ್ನು ಓದಿದ ಕೂಡಲೇ 'ನೋಡಿ, ಅರವತ್ತಕ್ಕೂ ಆಗುತ್ತದೆ' ಎಂದು ಕುಣಿಯುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಆ ಅರವತ್ತರವರ ಹಿಂದೆ ಮೂವತ್ತು ವರ್ಷದ ಅನುಭವ ಇತ್ತು. ಕೆಲಸವೇ ಕಲಿಸಿದ್ದ ಉಪಾಯಗಳು ಇಳಿಯುತ್ತಿದ್ದ ಚುರುಕುತನವನ್ನು ತುಂಬಿಕೊಟ್ಟವು. ಅರವತ್ತಕ್ಕೆ ಹೊಸದಾಗಿ ಬಂದವನು ಕಲಿಯಬಲ್ಲನೇ ಎಂಬುದನ್ನು ಆ ಅಧ್ಯಯನ ಕೇಳಿಯೇ ಇಲ್ಲ. ಎರಡನ್ನೂ ಸೇರಿಸಿ ಓದಿದರೆ ನನಗೆ ಕಾಣುವುದಿಷ್ಟು: ಕೆಲಸ ಮಾಡುವುದಕ್ಕೆ ವಯಸ್ಸು ಅಡ್ಡಿಯಲ್ಲ, ಕಲಿಯುವುದಕ್ಕೆ ಒಂದಿಷ್ಟು ಅಡ್ಡಿ. ಆ ಒಂದಿಷ್ಟು ಎಷ್ಟು ಎಂಬುದು ಮನುಷ್ಯನಿಂದ ಮನುಷ್ಯನಿಗೆ ಬೇರೆ. ಅದನ್ನು ಅಳೆಯುವ ಸಾಧನ ತರಬೇತಿಯೇ ಹೊರತು ಹುಟ್ಟಿದ ದಿನಾಂಕ ಅಲ್ಲ.

ಹೊಸದಾಗಿ ಕಲಿಯುವ ನಡುವಯಸ್ಸಿನವರನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ, ಎಎಐ ಒಳಗೇ ಇದ್ದಾರೆ. ಹೊರಗಿನವರಿಗೆ ಗೊತ್ತಿರದ ವಿಷಯ ಇದು. ಏಟಿಸಿ ಲೈಸೆನ್ಸ್ ಕೈಗೆ ಬಂದರೆ ದೇಶದ ಯಾವ ಟವರಿನಲ್ಲಾದರೂ ಕೂತು ಮಾತಾಡಬಹುದು ಎಂದಲ್ಲ. ರೇಟಿಂಗ್ ಎನ್ನುವುದು ಆಯಾ ಸ್ಥಳಕ್ಕೆ, ಆಯಾ ಕುರ್ಚಿಗೆ ಅಂಟಿಕೊಂಡದ್ದು. ಬೆಳಗಾವಿಯಿಂದ ಮುಂಬೈಗೆ ವರ್ಗವಾದವನು ಎಷ್ಟೇ ಸೀನಿಯರ್ ಆಗಿರಲಿ, ಅಲ್ಲಿ ಮತ್ತೆ ಟ್ರೈನಿ. ಅಲ್ಲಿನ ವಾಯುಮಾರ್ಗ, ಅಲ್ಲಿನ ಬೆಟ್ಟಗುಡ್ಡದ ಎತ್ತರ, ಪಕ್ಕದ ಸೇನಾ ನೆಲೆಯೊಂದಿಗಿನ ಒಪ್ಪಂದ, ರನ್‌ವೇ ಬದಲಿಸುವ ಕ್ರಮ ಎಲ್ಲವನ್ನೂ ಕಲಿತು, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿರುವಾಗ ಗಂಟೆಗಟ್ಟಲೆ ತರಬೇತಿ ಮುಗಿಸಿ, ಬೋರ್ಡಿನ ಮುಂದೆ ಪರೀಕ್ಷೆ ಪಾಸಾದ ಮೇಲೆಯೇ ಒಬ್ಬನೇ ಕೂರುವುದು.

ನನಗೆ ಪರಿಚಯದ ಕಂಟ್ರೋಲರ್ ಒಬ್ಬರು ನಲವತ್ತೈದು ದಾಟಿದ ಮೇಲೆ ಸಣ್ಣ ನಿಲ್ದಾಣದಿಂದ ದೊಡ್ಡ ನಿಲ್ದಾಣಕ್ಕೆ ವರ್ಗವಾದರು. ದೇವನಹಳ್ಳಿ ರಸ್ತೆಯ ಹೋಟೆಲಿನಲ್ಲಿ ನೈಟ್ ಡ್ಯೂಟಿ ಮುಗಿಸಿ ಇಡ್ಲಿ ತಿನ್ನುತ್ತ ಹೇಳಿದ್ದು: 'ನಂಗೆ ಕಲಿಸಿದ ಹುಡುಗನಿಗೆ ಇಪ್ಪತ್ತೊಂಬತ್ತು ಸಾರ್. ನಾನು ಡಿಗ್ರಿ ಮುಗಿಸೋ ಹೊತ್ತಿಗೆ ಅವನು ಒಂದನೇ ಕ್ಲಾಸು. ಏನು ಹೇಳಿದ್ರೂ, ಸಾರ್, ಅದು ನಿಮ್ಮ ಸ್ಟೇಷನ್‌ನಲ್ಲಿ ನಡೀತಿತ್ತು, ಇಲ್ಲಿ ಆಗಲ್ಲ ಅನ್ನೋನು. ಮೊದಲ ತಿಂಗಳು ಉರಿದುಹೋಗ್ತಿತ್ತು.' ಆಮೇಲೆ? 'ಆಮೇಲೆ ಅವನು ಹೇಳಿದ್ದೇ ಸರಿ ಅಂತ ಗೊತ್ತಾಯ್ತು.' ಕಷ್ಟವಾದದ್ದು ಯಾವುದು ಎಂದು ಕೇಳಿದೆ. ಹೊಸದನ್ನು ಕಲಿಯುವುದಲ್ಲವಂತೆ. ಇಪ್ಪತ್ತು ವರ್ಷದಿಂದ ಬಾಯಿಗೆ ಬಂದುಬಿಟ್ಟಿದ್ದ ಹಳೆಯ ಫ್ರೀಕ್ವೆನ್ಸಿ, ಹಳೆಯ ಪಾಯಿಂಟಿನ ಹೆಸರು ತಡೆಯುವುದು. ಗಡಿಬಿಡಿಯಲ್ಲಿ ಅದೇ ನಾಲಿಗೆಗೆ ಬರುತ್ತಿತ್ತು.

ಎಎಐ ತನ್ನ ಖಾಯಂ ನೌಕರರಿಗೆ ಇದೇ ಏಟಿಸಿ ಪರೀಕ್ಷೆಯಲ್ಲಿ ಹತ್ತು ವರ್ಷದ ಸಡಿಲಿಕೆ ಕೊಡುತ್ತದೆ. ಅಂದರೆ ಪ್ರಾಧಿಕಾರದ ಇನ್ನೊಂದು ವಿಭಾಗದಲ್ಲಿ ಪ್ರೊಬೇಷನ್ ಮುಗಿಸಿದ, ವಿದ್ಯಾರ್ಹತೆ ಇರುವ ನೌಕರ 37ರವರೆಗೂ ಅರ್ಜಿ ಹಾಕಬಹುದು. ಅವನು ತರಬೇತಿಗೆ ಹೋಗುವುದೂ 22ರ ಹುಡುಗ ಹುಡುಗಿಯರ ಜೊತೆಗೇ. ಪ್ರಯಾಗ್‌ರಾಜ್‌ನ ಬಮ್ರೌಲಿಯಲ್ಲಿ 1948ರಿಂದ ಇರುವ ಕಾಲೇಜು, ಇಲ್ಲವೇ ಹೈದರಾಬಾದ್, ಗೊಂದಿಯಾದ ಕೇಂದ್ರ. ಒಳಗಿನ 37ರವನು ಕಲಿಯಬಲ್ಲ ಎಂದು ಒಪ್ಪಿಕೊಂಡ ಮೇಲೆ ಹೊರಗಿನ 30ರವನು ಕಲಿಯಲಾರ ಎನ್ನುವುದಕ್ಕೆ ಏನು ಆಧಾರ? ಗಡಿಯನ್ನು 32ಕ್ಕೋ 35ಕ್ಕೋ ಒಯ್ದು, ಆಯ್ಕೆಯ ಬಿಗಿಯನ್ನು ತರಬೇತಿಗೆ ಬಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ನ್ಯಾಯವಾದ ಆಕ್ಷೇಪ ಮಾತ್ರ ಇದೆ: ಒಬ್ಬನನ್ನು ತಯಾರು ಮಾಡಲು ಹಣವೂ ಹಿರಿಯರ ಸಮಯವೂ ಧಾರಾಳ ಹೋಗುತ್ತದೆ, ಅದನ್ನು ವಸೂಲಿ ಮಾಡಿಕೊಳ್ಳಲು ಸಾಕಷ್ಟು ಸೇವಾವಧಿ ಬೇಕು. ಸರಿ, ಆದರೆ 35ಕ್ಕೆ ಬಂದವನಿಗೂ 60ಕ್ಕೆ ಇನ್ನು ಇಪ್ಪತ್ತೈದು ವರ್ಷ ಇರುತ್ತದಲ್ಲ.

ನನ್ನ ಅಭಿಪ್ರಾಯದಿಂದ ಮೂವತ್ತೊಂದರವರ ಹೊಟ್ಟೆ ತುಂಬುವುದಿಲ್ಲ. ನಿಯಮ ಬದಲಾಗುತ್ತದೆ ಎಂದು ಕಾದು ಕೂತರೆ ವರ್ಷ ಮಾತ್ರ ಕಳೆಯುತ್ತದೆ. ಅಕ್ಕಪಕ್ಕದ ಬಾಗಿಲುಗಳನ್ನು ನೋಡುವುದು ವಾಸಿ.

ಮೊದಲನೆಯದು ಫ್ಲೈಟ್ ಡಿಸ್ಪ್ಯಾಚರ್. ವಿಮಾನ ಹೊರಡುವ ಮೊದಲು ಯಾವ ಮಾರ್ಗ, ಎಷ್ಟು ಇಂಧನ, ಹವಾಮಾನ ಕೆಟ್ಟರೆ ಎಲ್ಲಿ ಇಳಿಯಬೇಕು ಎಂದು ಯೋಜನೆ ಹಾಕಿ, ಹಾರುವಾಗಲೂ ಮೇಲೆ ಕಣ್ಣಿಡುವವರು ಇವರು. ಏರ್‌ಲೈನ್ ಕಂಪನಿಗಳ ಆಪರೇಷನ್ಸ್ ಕಂಟ್ರೋಲ್ ಕೇಂದ್ರದಲ್ಲಿ ಕೆಲಸ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಒಪ್ಪಿಗೆ ಬೇಕು, ಅದಕ್ಕೆ ಪರೀಕ್ಷೆ ಇದೆ, ಕನಿಷ್ಠ 21 ವರ್ಷ ಆಗಿರಬೇಕು. ನೇಮಕ ಮಾಡಿಕೊಳ್ಳುವುದು ಕಂಪನಿಗಳಾದ್ದರಿಂದ 27ರ ಗೆರೆ ಇಲ್ಲಿಲ್ಲ. ಹವಾಮಾನ, ನ್ಯಾವಿಗೇಷನ್, ವಾಯುಯಾನ ನಿಯಮ ಎಂದು ಓದಬೇಕಾದದ್ದು ಏಟಿಸಿಯವರು ಓದುವುದಕ್ಕೆ ಬಹಳ ಹತ್ತಿರ. ಪಾಳಿ ಕೆಲಸ, ರಾತ್ರಿ ನಿದ್ದೆಗೇಡು, ಮಂಜು ಕವಿದ ಬೆಳಗ್ಗೆ ಎಲ್ಲರ ಬೈಗುಳ, ಅವೂ ಹತ್ತಿರವೇ.

ಎರಡನೆಯದು ಏಪ್ರನ್ ಕಂಟ್ರೋಲ್. ದೆಹಲಿಯಂಥ ದೊಡ್ಡ ಖಾಸಗಿ ನಿಲ್ದಾಣಗಳಲ್ಲಿ ವಿಮಾನ ನಿಲ್ಲುವ ಅಂಗಳದ ಓಡಾಟವನ್ನು, ಯಾವುದು ಯಾವ ಪಾರ್ಕಿಂಗ್ ಬೇಗೆ ಹೋಗಬೇಕು, ಯಾವುದು ಮೊದಲು ಹಿಂದಕ್ಕೆ ತಳ್ಳಿಸಿಕೊಳ್ಳಬೇಕು ಎಂಬುದನ್ನು, ನಿಲ್ದಾಣ ನಡೆಸುವ ಕಂಪನಿಯೇ ನೋಡಿಕೊಳ್ಳುತ್ತದೆ. ಪೈಲಟ್‌ಗಳ ಜೊತೆ ರೇಡಿಯೋದಲ್ಲಿ ಮಾತಾಡುವ ಕೆಲಸ ಇಲ್ಲೂ ಇದೆ, ಆಕಾಶ ಮಾತ್ರ ಇಲ್ಲ. ಬೆಂಗಳೂರಿನವರು ಎಚ್‌ಎಎಲ್ ಕಡೆಗೂ ಒಂದು ಕಣ್ಣಿಟ್ಟಿರಬಹುದು. ಹಳೆಯ ವಿಮಾನ ನಿಲ್ದಾಣದ ಟವರನ್ನು ಆ ಸಂಸ್ಥೆ ತಾನೇ ನಡೆಸುತ್ತದೆ. ಆದರೆ ಅಂಥಲ್ಲಿ ಬೆಲೆ ಸಿಗುವುದು ಈಗಾಗಲೇ ಈ ಕೆಲಸ ಮಾಡಿದವರಿಗೆ, ವಾಯುಪಡೆಯಲ್ಲೋ ನೌಕಾಪಡೆಯಲ್ಲೋ ಏಟಿಸಿ ಅಧಿಕಾರಿಯಾಗಿದ್ದು ಶಾರ್ಟ್ ಸರ್ವಿಸ್ ಮುಗಿಸಿ ಬಂದವರಿಗೆ. ಸೇನೆಯ ದಾರಿಯೂ ತಡವಾಗಿ ಬರುವವರದ್ದಲ್ಲ ಬಿಡಿ, ವಾಯುಪಡೆಯ ನೆಲದ ಕರ್ತವ್ಯದ ಶಾಖೆಗಳಿಗೆ ಎಎಫ್‌ಕ್ಯಾಟ್ ಪರೀಕ್ಷೆಯ ಮೂಲಕ ಸೇರಲು 26ರೊಳಗೆ ಇರಬೇಕು.

ಮೂರನೆಯ ಬಾಗಿಲು ದೂರದ್ದು, ಆದರೆ ಕನ್ನಡಿಗರು ಅದರ ಆಚೆ ಬದಿಯಲ್ಲಿ ಈಗಾಗಲೇ ಬೇಕಾದಷ್ಟಿದ್ದಾರೆ. ಟೊರಾಂಟೋದಲ್ಲೋ ಮೆಲ್ಬರ್ನ್‌ನಲ್ಲೋ ಪಿಆರ್ ಪಡೆದು ನೆಲೆಸಿ, ಐಟಿ ಕೆಲಸ ಹೋಗಿ, ಮುಂದೇನು ಎಂದು ಯೋಚಿಸುವವರಿಗೆ ಗಡಿ ವಯಸ್ಸೇ ಇಲ್ಲದ ದೇಶದಲ್ಲಿದ್ದೇವೆ ಎಂಬುದು ಗೊತ್ತಿರುವುದಿಲ್ಲ. ನ್ಯಾವ್ ಕೆನಡಾ, ಏರ್‌ಸರ್ವಿಸಸ್ ಆಸ್ಟ್ರೇಲಿಯಾ ಎರಡೂ ಪೌರರ ಜೊತೆ ಖಾಯಂ ನಿವಾಸಿಗಳನ್ನೂ ತೆಗೆದುಕೊಳ್ಳುತ್ತವೆ. ಮೂವತ್ತೆಂಟಕ್ಕೂ ಅರ್ಜಿ ಹಾಕಬಹುದು. ಡಿಗ್ರಿಗಿಂತ ಅವರು ನೋಡುವುದು ತಮ್ಮದೇ ಸಾಮರ್ಥ್ಯ ಪರೀಕ್ಷೆಯ ಅಂಕವನ್ನು, ಅದರಲ್ಲೇ ಬಹಳಷ್ಟು ಜನ ಉದುರಿಹೋಗುತ್ತಾರೆ. ತರಬೇತಿಯ ನಡುವೆ ಕೈಬಿಡುವುದೂ ಉಂಟು, ಆದ್ದರಿಂದ ಇರುವ ಕೆಲಸ ಬಿಟ್ಟು ಹಾರುವ ಮೊದಲು ಮನೆಯಲ್ಲಿ ಕೂತು ಲೆಕ್ಕ ಹಾಕಬೇಕು. ಅಮೆರಿಕದಲ್ಲಿರುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಪೌರತ್ವವೇ ಬೇಕು, 31ರ ಗಡಿ ಬೇರೆ. 250ಕ್ಕೂ ಹೆಚ್ಚು ಸಣ್ಣ ಟವರುಗಳನ್ನು ಗುತ್ತಿಗೆ ಕಂಪನಿಗಳು ನಡೆಸುತ್ತವೆ, ಅಲ್ಲಿ ಆ ಗಡಿ ಇಲ್ಲ, ಆದರೆ ಮೊದಲೇ ಅರ್ಹತೆ ಪಡೆದವರಿಗಷ್ಟೇ ಜಾಗ.

ದೇಶ ಯಾವುದಾದರೂ ದೇಹದ ತಕರಾರು ಒಂದೇ. ಕಂಟ್ರೋಲರ್‌ಗೆ ಬೇಕಾದದ್ದು ಮೂರನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ. ಅಂತಾರಾಷ್ಟ್ರೀಯ ನಾಗರಿಕ ವಾಯುಯಾನ ಸಂಸ್ಥೆಯ ನಿಯಮದಂತೆ ಅದು ನಾಲ್ಕು ವರ್ಷ ನಡೆಯುತ್ತದೆ, ನಲವತ್ತು ದಾಟಿದ ಮೇಲೆ ಎರಡೇ ವರ್ಷ. ಐವತ್ತಾದ ಮೇಲೆ ವರ್ಷಕ್ಕೊಮ್ಮೆ ಮಾಡಿಸಿ ಎಂಬುದು ಅದರ ಶಿಫಾರಸು. ಬಿಪಿ, ಸಕ್ಕರೆ, ಶ್ರವಣ, ಇಸಿಜಿ ಎಲ್ಲ ನೋಡುತ್ತಾರೆ. ಕನ್ನಡಕ ಇದ್ದರೆ ಚಿಂತೆಯಿಲ್ಲ, ಹಾಕಿಕೊಂಡು ಸರಿಯಾಗಿ ಕಂಡರೆ ಸಾಕು. ಬಣ್ಣ ಗುರುತಿಸಲಾಗದಿದ್ದರೆ ತೊಂದರೆ. ಪರೀಕ್ಷೆ ಬರೆದು, ಧ್ವನಿ ಪರೀಕ್ಷೆ ಮುಗಿಸಿ, ಕೊನೆಗೆ ಡಾಕ್ಟರ ಎದುರು ಚುಕ್ಕಿಗಳ ಪುಸ್ತಕ ತೆರೆದಾಗ ತಮಗೆ ಕೆಂಪು ಹಸಿರು ಬೆರೆಯುತ್ತದೆ ಎಂದು ಮೊದಲ ಸಲ ತಿಳಿದವರಿದ್ದಾರೆ. ಹುಟ್ಟಿನಿಂದ ಇರುವ ಈ ದೋಷ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಕಣ್ಣಿನ ಡಾಕ್ಟರ ಬಳಿ ಈ ಚುಕ್ಕಿಗಳ ಇಶಿಹಾರಾ ಪರೀಕ್ಷೆ ಹತ್ತು ನಿಮಿಷದ ಕೆಲಸ, ಕೋಚಿಂಗ್ ಫೀಸಿನ ಮುಂದೆ ಅದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಇಪ್ಪತ್ತಾರರವರು ಮುಂದಿನ ಅಧಿಸೂಚನೆಗೆ ಕಾಯುತ್ತಿರುವಾಗಲೇ ಅದನ್ನು ಮಾಡಿಸಿಕೊಂಡಿರಲಿ. 2023ರಲ್ಲಿ 496 ಹುದ್ದೆ ಕರೆದಿದ್ದರು, 2025ರಲ್ಲಿ 309, ಮುಂದಿನದು ಯಾವ ತಿಂಗಳು ಬರುತ್ತದೆ ಎಂದು ಖಾತ್ರಿಯಾಗಿ ಹೇಳುವವರು ಯಾರೂ ಇಲ್ಲ.